ಪಂಚಾಂಗಕ್ಕೆ ಮುನ್ನ ಒಂದು ಪ್ರಶ್ನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮನೆ ಕಟ್ಟಲು ಹೊರಟವರು ಕರಣೆಗಿಂತ ಮೊದಲು ಕಡತ ಹಿಡಿಯಬೇಕು. ಆರ್‌ಟಿಸಿ, ಅದರ ಬೆನ್ನಿಗೆ 11ಇ ನಕ್ಷೆ, ಕೃಷಿ ಜಮೀನಾದರೆ ಭೂ ಪರಿವರ್ತನೆ, ಅದಾದ ಮೇಲೆ ಏಕ ನಿವೇಶನ ವಿನ್ಯಾಸಕ್ಕೆ ಒಪ್ಪಿಗೆ, ಹಳ್ಳಿಯಾದರೆ ಊರಿಡೀ ‘ನೈನ್ ಇಲೆವೆನ್’ ಎಂದೇ ಕರೆಯುವ 9 ಮತ್ತು 11ರ ನಮೂನೆ, ಕೊನೆಗೆ ಪಂಚಾಯತ್‌ನದೋ ಪುರಸಭೆಯದೋ ಕಟ್ಟಡ ಪರವಾನಗಿ. ಈ ಕಾಗದಗಳು ಜಾಗದ ಬಗ್ಗೆ ಕೇಳದ ಪ್ರಶ್ನೆಯೇ ಇಲ್ಲವೇನೋ ಎನಿಸುತ್ತದೆ. ರಸ್ತೆ ಎಷ್ಟು ಅಗಲ, ಗಡಿಯಿಂದ ಎಷ್ಟು ಬಿಟ್ಟಿದ್ದೀರಿ, ಬಾವಿ ಎಲ್ಲಿ, ಶೌಚದ ಗುಂಡಿ ಎಲ್ಲಿ, ಜಾಗ ಅರಣ್ಯದ್ದಲ್ಲ ತಾನೆ? ಎರಡನ್ನು ಮಾತ್ರ ಯಾರೂ ಕೇಳುವುದಿಲ್ಲ. ಜೆಸಿಬಿ ಇಳಿಯುವ ಮೊದಲು ಆ ಜಾಗದಲ್ಲಿ ಯಾವ ಜೀವಿಗಳ ಬಿಡಾರವಿದೆ? ಜೆಸಿಬಿ ಇಳಿಯುವುದು ಯಾವ ತಿಂಗಳಲ್ಲಿ?

ತುಳುನಾಡಿಗೆ ಈ ಕೇಳ್ವಿಕೆ ಹೊಸತೇನಲ್ಲ. ಜಾಗ ಕೊಂಡವರು ಇಂದಿಗೂ ಜೋಯಿಸರಲ್ಲಿ ಪ್ರಶ್ನೆ ಇಡುತ್ತಾರೆ. ಅಲ್ಲಿ ನಾಗನ ಸಾನ್ನಿಧ್ಯವಿದೆಯೇ, ದೈವದ ನಡೆಯಿದೆಯೇ ಎಂದು ತಿಳಿದ ಮೇಲೆಯೇ ಕೆಸರುಕಲ್ಲು ಹಾಕುತ್ತಾರೆ. ಮಕರ ತಿಂಗಳ ಕೊನೆಗೆ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಮೈಲಿಗೆಯಲ್ಲಿದ್ದಾಳೆಂದು ಮಣ್ಣು ಅಗೆಯುವಂತಿಲ್ಲ, ಹಸಿಮರ ಕಡಿಯುವಂತಿಲ್ಲ. ಮೂಡುಬಿದಿರೆಯ ಹುಟ್ಟಿನ ಐತಿಹ್ಯವೂ ಇಂಥದ್ದೇ: ಬಿದಿರ ಮೆಳೆಯ ನಡುವೆ ಹುಲಿಯೂ ಹಸುವೂ ಜತೆಯಾಗಿದ್ದುದನ್ನು ಜೈನ ಮುನಿಯೊಬ್ಬರು ಕಂಡರು, ಆ ಜಾಗದ ಮಹಿಮೆ ತಿಳಿದು ಅಲ್ಲಿ ಬಸದಿ ಎದ್ದಿತು ಎನ್ನುತ್ತದೆ ಅದು. ಹಾಗೆಂದು ಹಳತೆಲ್ಲ ಚಿನ್ನ ಎನ್ನುವಂತಿಲ್ಲ. ಅಗೆತ ನಿಲ್ಲಿಸಿದ ಅದೇ ಕೆಡ್ಡಸದಲ್ಲಿ ಬೇಟೆಗೆ ಹೋಗುವ ರೂಢಿಯೂ ಇತ್ತು. ನಾಗನ ಬನದ ಮರ ಕಡಿದು ಗ್ರಾನೈಟ್ ಕಟ್ಟೆ ಕಟ್ಟಿಸುವವರೂ ಭಕ್ತರೇ. ಆದರೂ ಕಟ್ಟುವ ಮುನ್ನ ಜಾಗವನ್ನು ಕೇಳಬೇಕು, ಕಾಲವನ್ನು ನೋಡಬೇಕು ಎಂಬ ಎರಡು ಅಭ್ಯಾಸಗಳು ಇಲ್ಲಿನ ಜನರ ಕೈಯಲ್ಲೇ ಇವೆ. ಕರಾವಳಿಯಲ್ಲಿ ಮನೆಯ ಅಡಿಪಾಯವನ್ನೂ ‘ಪಂಚಾಂಗ’ ಎನ್ನುವುದುಂಟು. ಈ ಕಲ್ಲಿನ ಪಂಚಾಂಗ ಕಟ್ಟುವ ಮುನ್ನ ಕಾಡುಜೀವಿಗಳ ಪಂಚಾಂಗವನ್ನೂ ಒಮ್ಮೆ ನೋಡುವ ಕ್ರಮ ಪರವಾನಗಿಯೊಳಗೇ ಬರಬೇಕು, ಅದಕ್ಕೆ ಹೊಸ ಕಾನೂನಾಗಲಿ ದೊಡ್ಡ ಖರ್ಚಾಗಲಿ ಬೇಕಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಕಾನೂನನ್ನೇ ನೋಡೋಣ. ಪರವಾನಗಿ ಸಿಕ್ಕಿದ ಮೇಲೆ ಜಾಗದೊಳಗಿನದೆಲ್ಲ ತನ್ನ ಇಷ್ಟದ್ದು ಎಂಬ ನಂಬಿಕೆ ಸಾಮಾನ್ಯ. ಅದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡಿನ ಗಡಿಯಲ್ಲಿ ನಿಂತುಬಿಡುವ ಕಾಯ್ದೆಯಲ್ಲ. ಪಟ್ಟಾ ಜಾಗಕ್ಕೂ ಅಷ್ಟೇ ಅನ್ವಯಿಸುತ್ತದೆ. ಅದರಲ್ಲಿ ‘ಬೇಟೆ’ ಎಂಬ ಪದಕ್ಕೆ ಕೋವಿಯ ಅರ್ಥ ಮಾತ್ರ ಇಲ್ಲ. ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದು ಕೂಡ ಬೇಟೆಯೇ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ನವಿಲು, ಹೆಬ್ಬಾವು, ಉಡ, ಚಿಪ್ಪುಹಂದಿ, ಕಾಳಿಂಗ ಸರ್ಪ ಎಲ್ಲವೂ ಈಗ ಒಂದನೇ ಪರಿಚ್ಛೇದದಲ್ಲಿವೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಈ ಪರಿಚ್ಛೇದದ ಪ್ರಾಣಿಯ ವಿಷಯದಲ್ಲಿ ತಪ್ಪಿದವರಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ. ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಎಂದರೆ, ಪೊದೆಯೊಳಗೆ ನವಿಲಿನ ಮೊಟ್ಟೆಯಿದೆಯೆಂದು ತಿಳಿದೂ ಸೈಟ್ ಲೆವೆಲ್ ಮಾಡಿಸಿದವರು ಕೈಯಲ್ಲಿ ಪರವಾನಗಿ ಹಿಡಿದುಕೊಂಡೇ ಅಪರಾಧ ಮಾಡುತ್ತಿರುತ್ತಾರೆ. ಈ ಮಾತನ್ನು ಪರವಾನಗಿ ಕೊಡುವ ಮೇಜು ಅವರಿಗೆ ಒಮ್ಮೆಯೂ ಹೇಳಿರುವುದಿಲ್ಲ.

ಕಟ್ಟಡಗಳಿಗೆಂದೇ ಇರುವ ಪರಿಸರ ನಿಯಮಗಳು ಈ ಊರುಗಳ ತಲೆಯ ಮೇಲಿಂದ ಹಾದುಹೋಗುತ್ತವೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕಾಗುವುದು 20,000 ಚದರ ಮೀಟರ್ ಮೀರಿದ ಕಟ್ಟಡ ಯೋಜನೆಗಳಿಗೆ. 1,500 ಚದರ ಅಡಿಯ ಮನೆಗಳ ಲೆಕ್ಕ ಹಾಕಿದರೆ ಸುಮಾರು 140 ಮನೆ ಒಂದೇ ಯೋಜನೆಯಲ್ಲಿ ಎದ್ದಾಗ ಮಾತ್ರ ಆ ಬಾಗಿಲು ತೆರೆಯುತ್ತದೆ. ಬಿ.ಸಿ. ರೋಡಿನ ಸುತ್ತ, ಉಜಿರೆ–ಬೆಳ್ತಂಗಡಿ ರಸ್ತೆಯ ಬದಿಗೆ, ಮೂಡುಬಿದಿರೆ ಪೇಟೆಯ ಅಂಚಿನಲ್ಲಿ ಗುಡ್ಡೆಗಳು ಕರಗುತ್ತಿರುವುದು ಹಾಗೆ ಒಂದೇ ಏಟಿಗಲ್ಲ. ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್, ಒಂದೆಕರೆ ಎಂದು ತುಂಡು ತುಂಡಾಗಿ. ಮರಗಳಿಗೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪ ಕೇಳಬೇಕೆಂಬ ನಿಯಮವೂ ಅದರೊಳಗಿದೆ. ಅದು ಮರದ ಸಂಖ್ಯೆ ಎಣಿಸುತ್ತದೆ, ಪೊಟರೆಯೊಳಗೆ ಇಣುಕುವುದಿಲ್ಲ. ಹೀಗೆ ವನ್ಯಜೀವಿ ಕಾಯ್ದೆ ಗೂಡನ್ನು ಕಾಯುತ್ತದೆ, ಆದರೆ ಗೂಡು ಎಲ್ಲಿದೆಯೆಂದು ಅದಕ್ಕೆ ಗೊತ್ತಿಲ್ಲ; ಕಟ್ಟಡ ನಿಯಮ ಜಾಗವನ್ನು ಇಂಚಿಂಚು ಬಲ್ಲದು, ಆದರೆ ಗೂಡು ಅದರ ಲೆಕ್ಕಕ್ಕೆ ಬರುವುದಿಲ್ಲ.

ಇದರ ಪರಿಣಾಮ ಏನೆಂದು ತಿಳಿಯಲು ಒಂದೇ ಪ್ರಾಣಿಯನ್ನು ಹತ್ತಿರದಿಂದ ನೋಡಿದರೆ ಸಾಕು. ಕಾಳಿಂಗ ಸರ್ಪ ಒಂದೇ ಜಾತಿ ಎಂಬ ಹಳೆಯ ತಿಳಿವಳಿಕೆ ಬದಲಾದದ್ದು 2024ರಲ್ಲಿ. ಸಂಶೋಧಕರು ಅದನ್ನು ನಾಲ್ಕು ಜಾತಿಗಳಾಗಿ ವಿಂಗಡಿಸಿ, ಪಶ್ಚಿಮ ಘಟ್ಟದ್ದಕ್ಕೆ ನಮ್ಮ ‘ಕಾಳಿಂಗ’ ಎಂಬ ಹೆಸರನ್ನೇ ಇಟ್ಟರು. ಎಲೆ ಗುಡ್ಡೆಹಾಕಿ ಗೂಡು ಕಟ್ಟುವ ಹಾವುಗಳು ಕಾಳಿಂಗ ಸರ್ಪಗಳು ಮಾತ್ರ. ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮುನ್ನ, ಹೆಣ್ಣು ತನ್ನ ಮೈಯನ್ನೇ ಕೊಕ್ಕೆ ಮಾಡಿಕೊಂಡು ಒಣಗಿದ ತರಗೆಲೆಯನ್ನು ಎಳೆದೆಳೆದು ಒಟ್ಟುತ್ತದೆ. ಬಿದಿರ ಬುಡವೋ ಗುಡ್ಡೆಯ ಇಳಿಜಾರೋ, ನೀರು ನಿಲ್ಲದ ಜಾಗವೇ ಬೇಕು. ಮೊಟ್ಟೆಯಿಟ್ಟು ಮುಚ್ಚಿ ಅದರ ಮೇಲೆ ತಾನೇ ಸುರುಳಿ ಸುತ್ತಿ ಕಾವಲು ಕೂರುತ್ತದೆ. ಆಷಾಢದ ಮಳೆ ಹೊರಗೆ ಎಷ್ಟೇ ಸುರಿದರೂ ಒಳಗೆ ಮೊಟ್ಟೆ ಬೆಚ್ಚಗಿರುತ್ತದೆ. ಮರಿ ಹೊರಬರಲು ಎರಡೂವರೆ, ಮೂರು ತಿಂಗಳು ಬೇಕು. ನೋಡುವವರ ಕಣ್ಣಿಗೆ ಮಾತ್ರ ಅದು ಗುಡಿಸಿ ಒಟ್ಟಿದ ತರಗೆಲೆಯ ರಾಶಿ. ಮಳೆಗೆ ಮೊದಲು ಪಂಚಾಂಗದ ಕೆಲಸವಾದರೂ ಮುಗಿಯಲಿ ಎಂದು ಏಪ್ರಿಲ್, ಮೇ ತಿಂಗಳಲ್ಲಿ ಅವಸರದಿಂದ ಗುಡ್ಡೆಗೆ ಹಿಟಾಚಿ ಇಳಿಸುವಾಗ ಮೊದಲು ಬಕೆಟ್ಟಿಗೆ ಬರುವುದು ಇಂಥ ರಾಶಿಯೇ. ಹೆಣ್ಣು ಕಾಳಿಂಗ ಹೆಡೆಯೆತ್ತಿದರೆ ಕೆಲಸಗಾರರಿಗೂ ಪ್ರಾಣಾಪಾಯ. ಅದೇ ಪೊದೆಯನ್ನು ಹಿಂದಿನ ನವೆಂಬರ್‌ನಲ್ಲಿ ಬೋಳಿಸಿದ್ದರೆ ಅಲ್ಲಿ ಎಲೆಯೂ ಇರುತ್ತಿರಲಿಲ್ಲ, ಗೂಡೂ ಆಗುತ್ತಿರಲಿಲ್ಲ. ಹಾವು ತನ್ನ ಪಾಡಿಗೆ ಬೇರೆಡೆ ಜಾಗ ಹುಡುಕಿಕೊಳ್ಳುತ್ತಿತ್ತು.

ಮಂಗಟ್ಟೆ ಹಕ್ಕಿಯ ಲೆಕ್ಕವೂ ಹೀಗೆಯೇ. ಘಟ್ಟದ ಬುಡದ ಬೆಳ್ತಂಗಡಿಯ ತೋಟ–ಕಾಡುಗಳಲ್ಲಿ ಕಾಣುವ ಈ ಹಕ್ಕಿಗೆ ಗೂಡು ಕಟ್ಟಲು ಬಾರದು. ಹಳೆಯ ದೊಡ್ಡ ಮರದ ಪೊಟರೆಯೇ ಬೇಕು. ಬೇಸಿಗೆ ಕಾಲಿಡುವ ಹೊತ್ತಿಗೆ ಹೆಣ್ಣು ಒಳಗೆ ಸೇರಿ, ಬಾಯಿಯನ್ನು ತನ್ನ ಹಿಕ್ಕೆಯಿಂದಲೂ ಹಣ್ಣಿನ ತಿರುಳಿನಿಂದಲೂ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮರಿ ದೊಡ್ಡದಾಗುವ ತನಕ ಗೋಳಿಹಣ್ಣು, ಹುಳುಹುಪ್ಪಟೆ ತಂದು ಆ ಸೀಳಿನಿಂದ ಉಣಿಸುವುದು ಗಂಡಿನ ಕೆಲಸ. ಆ ತಿಂಗಳುಗಳಲ್ಲಿ ಮರಕ್ಕೆ ಗರಗಸ ತಾಗಿದರೆ ಹೆಣ್ಣಿಗೆ ಹಾರಿಹೋಗುವ ದಾರಿಯೇ ಇಲ್ಲ. ಮರ ಬೀಳಲೇಬೇಕಾದರೂ ಬೀಳುವ ತಿಂಗಳು ಬದಲಾದರೆ ಎರಡು ತಲೆಮಾರು ಉಳಿಯುತ್ತದೆ. ನಮ್ಮ ಸೀಮೆಯ ಬಹಳಷ್ಟು ಹಕ್ಕಿಗಳ ಸಂತಾನಕಾಲ ಫೆಬ್ರುವರಿಯಿಂದ ಮೇವರೆಗೆ, ಕಪ್ಪೆಗಳದ್ದು ಜೂನ್ ಮಳೆಯಿಂದ ಮುಂದಕ್ಕೆ. ಇವೆರಡರಿಂದಲೂ ಬಿಡುವಿರುವುದು ದೀಪಾವಳಿಯಿಂದ ಮಕರ ಸಂಕ್ರಾಂತಿಯ ತನಕ. ಅದೂ ಎಲ್ಲರಿಗೂ ಹೊಂದುವ ಕಾಲವಲ್ಲ. ಗರುಡ ಡಿಸೆಂಬರ್‌ನಿಂದಲೇ ಗೂಡು ಕಟ್ಟತೊಡಗುತ್ತದೆ. ಹಾಗಾಗಿ ಎತ್ತರದ ಮರಗಳತ್ತ ಆಗಲೂ ತಲೆಯೆತ್ತಿ ನೋಡಬೇಕು. ಹೊರತುಗಳಿದ್ದರೂ ಅತಿ ಕಡಿಮೆ ಹಾನಿಯ ಕಾಲ ಇದೇ.

‘ಇದು ಕಾಡಲ್ಲ ಮಾರಾಯ್ರೆ, ಬೋಳು ಪದವು, ಇಲ್ಲೇನಿದೆ?’ ಎಂಬುದು ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಮಾತು. ಮುರಕಲ್ಲಿನ ಪದವುಗಳನ್ನು ಕಂದಾಯ ದಾಖಲೆಯೂ ಖರಾಬು, ಪರಂಬೋಕು ಎಂದೇ ಬರೆದಿದೆ. ಆದರೆ ಮೊದಲ ಮಳೆಗೆ ಅದೇ ಕಲ್ಲಿನ ಕುಳಿಗಳಲ್ಲಿ ನೀರು ನಿಂತು, ಮುಳಿಹುಲ್ಲು ಚಿಗುರಿ, ಕಪ್ಪೆಗಳ ಜಾತ್ರೆ ನೆರೆಯುತ್ತದೆ. 2016ರಲ್ಲಿ ವಿಜ್ಞಾನಕ್ಕೆ ಹೊಸತೆಂದು ಪ್ರಕಟವಾದ ಕಪ್ಪೆಯೊಂದು ಸಿಕ್ಕಿದ್ದು ಮಣಿಪಾಲದ ಸುತ್ತಣ ಇಂಥ ಮುರಕಲ್ಲ ನೆಲದಲ್ಲೇ. ಒಂದೂವರೆ ಸೆಂಟಿಮೀಟರ್ ಉದ್ದದ ಆ ಜೀವಿಗೆ ಮುರಕಲ್ಲಿನ ಇಂಗ್ಲಿಷ್ ಹೆಸರನ್ನೇ ಸೇರಿಸಿ ‘ಮೈಕ್ರೋಹೈಲಾ ಲ್ಯಾಟರೈಟ್’ ಎಂದು ಕರೆದರು. 2018ರಲ್ಲಿ ಇನ್ನೊಂದು ಪ್ರಕಟವಾಯಿತು. ಅದು ಸಿಕ್ಕಿದ್ದು ಮಂಗಳೂರಿನಲ್ಲಿ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಕೈಗಾರಿಕಾ ಪ್ರದೇಶದಲ್ಲಿ! ಕೊಂಕಣಿಯವರು ಮಂಗಳೂರನ್ನು ಕರೆಯುವ ಹೆಸರನ್ನು ಹೊತ್ತ ಅದು ಈಗ ‘ಮೈಕ್ರೋಹೈಲಾ ಕೊಡಿಯಾಲ್’. ಕೈಗಾರಿಕೆಯ ಅಂಗಳದಲ್ಲೇ ಹೆಸರಿಲ್ಲದ ಜಾತಿಯೊಂದು ಇಷ್ಟು ಕಾಲ ಕೂಗುತ್ತಿದ್ದಿರಬಹುದಾದರೆ, ಬಂಟ್ವಾಳ–ಮೂಡುಬಿದಿರೆಯ ಪದವುಗಳಲ್ಲಿ ಏನೂ ಇಲ್ಲ ಎನ್ನುವ ಧೈರ್ಯ ಯಾರಿಗೂ ಬರಬಾರದು. ಅವುಗಳನ್ನು ನೋಡಬೇಕಾದದ್ದು ಮಳೆಗಾಲದಲ್ಲಿ. ನಾವು ಅಳತೆ ಹಿಡಿದು ಹೋಗುವುದು ಬೇಸಿಗೆಯಲ್ಲಿ.

ತಿಂಗಳನ್ನು ನೋಡಿಕೊಂಡ ಮೇಲೆ ಕೆಲಸದ ರೀತಿಯ ಮಾತು. ಜಾಗ ಬೋಳಿಸುವಾಗ ನಾಲ್ಕೂ ದಿಕ್ಕಿನಿಂದ ಒಳಮುಖವಾಗಿ ಬಂದರೆ ಒಳಗಿರುವ ಮುಂಗುಸಿ, ಉಡ, ಹಾವು, ಮುಳ್ಳುಹಂದಿ ನಡುವೆ ಸಿಕ್ಕಿಬೀಳುತ್ತವೆ. ರಸ್ತೆಯ ಬದಿಯಿಂದ ಶುರುಮಾಡಿ ಕಾಡೋ ತೋಟವೋ ತೋಡೋ ಇರುವ ಬದಿಗೆ ಸರಿಯುತ್ತ ಹೋದರೆ ಅವೇ ದಾರಿ ಕಂಡುಕೊಳ್ಳುತ್ತವೆ. ಮೊದಲ ದಿನ ಪೊದೆಯನ್ನು ಕತ್ತಿಯಲ್ಲಿ ಮೊಣಕಾಲೆತ್ತರಕ್ಕೆ ಸವರಿ, ಒಂದೆರಡು ರಾತ್ರಿ ಬಿಟ್ಟು, ಆಮೇಲೆ ಯಂತ್ರ ಇಳಿಸಿದರೆ ಇನ್ನೂ ಒಳ್ಳೆಯದು. ಹೆಂಚಿನ ಹಳೆಮನೆ ಕೆಡವುವುದಿದ್ದರೆ ಒಂದು ಬದಿಯ ಹೆಂಚನ್ನು ಕೈಯಿಂದ ಇಳಿಸಿ ಅಟ್ಟಕ್ಕೆ ಬೆಳಕು ಬೀಳುವಂತೆ ನಾಲ್ಕು ದಿನ ಬಿಟ್ಟರೆ, ಮರಿಗಳಿಲ್ಲದ ಕಾಲದಲ್ಲಿ, ಪುನುಗು ಬೆಕ್ಕೂ ಗೂಬೆಯೂ ಬಾವಲಿಯೂ ರಾತ್ರಿ ಹೊರಟವು ಮರಳುವುದಿಲ್ಲ. ಪಿಲ್ಲರ್ ಗುಂಡಿ, ಶೌಚದ ಗುಂಡಿಗಳನ್ನು ಸಂಜೆ ಹಲಗೆಯಿಂದ ಮುಚ್ಚಬೇಕು, ಇಲ್ಲವೇ ಒಂದು ಮೂಲೆಗೆ ಓರೆಯಾಗಿ ಹಲಗೆ ಇಳಿಸಿಟ್ಟು ಬಿದ್ದದ್ದು ಹತ್ತಿಬರುವಂತೆ ಮಾಡಬೇಕು. ಬಾವಿ ತೋಡಿ ಕಟ್ಟೆ ಏಳುವ ತನಕ ಸುತ್ತ ಗಟ್ಟಿ ಬೇಲಿ ಇರಬೇಕು. 2023ರ ಫೆಬ್ರುವರಿಯಲ್ಲಿ ಮೂಡುಬಿದಿರೆ ಸಮೀಪದ ನಿಡ್ಡೋಡಿಯಲ್ಲಿ ಬಾವಿಗೆ ಬಿದ್ದ ಚಿರತೆಯನ್ನು ಮೇಲೆತ್ತಲು ಪಶುವೈದ್ಯೆಯೊಬ್ಬರು ತಾವೇ ಬೋನಿನೊಳಗೆ ಕುಳಿತು ಬಾವಿಗಿಳಿದು ಅರಿವಳಿಕೆ ಕೊಡಬೇಕಾಯಿತು. ಆ ಸಾಹಸವನ್ನು ನಾಡೇ ಕೊಂಡಾಡಿತು, ಕೊಂಡಾಡಬೇಕಾದದ್ದೇ. ಆದರೆ ಹೊಸದಾಗಿ ತೋಡುವ ಪ್ರತಿ ಬಾವಿಗೂ ಅಂಥ ಸಾಹಸ ಕಾದಿರಿಸುವುದಕ್ಕಿಂತ ನಾಲ್ಕು ಗೂಟ, ಒಂದು ಸುರುಳಿ ತಂತಿ ಅಗ್ಗ.

ಮನೆಯ ಗಡಿ ದಾಟಿ ಹೋಗುವ ಹಾನಿ ನೀರಿನದ್ದು. ಗುಡ್ಡೆ ಕಡಿದ ಮಣ್ಣು ಮೊದಲ ಮಳೆಗೆ ತೋಡಿಗಿಳಿಯುತ್ತದೆ, ತೋಡಿನಿಂದ ಹೊಳೆಗೆ. ಕಾಂಕ್ರೀಟ್ ಯಂತ್ರ ತೊಳೆದ ನೀರು ನೋಡಲು ತೆಳು ಹಾಲಿನಂತಿದ್ದರೂ ಸುಣ್ಣದ ನೀರಿನಷ್ಟೇ ಕ್ಷಾರ. ಮೀನಿನ ಕಿವಿರಿಗೂ ಗೊದಮೊಟ್ಟೆಗೂ ವಿಷ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಪೆರುವೋಳು ಮೀನುಗಳು ದೇವರ ಮೀನುಗಳು. 1996ರಲ್ಲಿ ಕಿಡಿಗೇಡಿಗಳು ಅವಕ್ಕೆ ವಿಷ ಹಾಕಿ ಕೊಂದಾಗ ಊರು ಮರುಗಿ ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿತು. ಒಮ್ಮೆ ಹಾಕಿದ ವಿಷಕ್ಕೆ ಅಷ್ಟು ಮರುಗಿದ ಸೀಮೆ ವರ್ಷವಿಡೀ ತೊಟ್ಟಿಕ್ಕುವ ವಿಷವನ್ನು ಕಾಣದೆ ಹೋಗುವುದು ಹೇಗೆ? ಇದು ಮೀನಿನದಷ್ಟೇ ಪಾಡಲ್ಲ. ಮಂಗಳೂರು ನಗರ ಕುಡಿಯುವುದು ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ತಡೆದು ನಿಲ್ಲಿಸಿದ ನೇತ್ರಾವತಿಯ ನೀರನ್ನು; ಮೇಲಿನ ಗುಡ್ಡೆಗಳ ಹೂಳು ಬಂದು ನಿಲ್ಲುವುದೂ ಅಲ್ಲಿಯೇ. ನೆಟ್ಟಗೆ ಕಡಿದ ಬರೆ ಯಾರನ್ನೂ ಬಿಡುವುದಿಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಸುತ್ತ ಗುಡ್ಡಗಳು ಜರಿದುದನ್ನೂ, 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಹಲವರ ಜೀವ ಹೋದುದನ್ನೂ ಕಂಡವರಿಗೆ, ಮಳೆಯ ಹೊಸ್ತಿಲಲ್ಲಿ ಗುಡ್ಡೆ ಕಡಿಯಬೇಡಿ ಎಂಬ ಮಾತು ಪ್ರಾಣಿಪ್ರೀತಿಯ ಮಾತಾಗಿ ಮಾತ್ರ ಕೇಳಿಸಲಾರದು. ಕಾಳಿಂಗದ ಗೂಡನ್ನು ಉಳಿಸುವ ತಿಂಗಳೂ ಮನೆಯ ಹಿಂದಿನ ಬರೆಯನ್ನು ಉಳಿಸುವ ತಿಂಗಳೂ ಒಂದೇ.

ಪರವಾನಗಿಯೊಳಗೇ ಈ ಪ್ರಶ್ನೆಯನ್ನು ತಂದ ದೇಶಗಳಿವೆ. ಇಂಗ್ಲೆಂಡಿನಲ್ಲಿ ಬಾವಲಿಗಳಿರುವ ಸಂಭವವಿದ್ದರೆ ಮಾಡು ಬಿಚ್ಚುವ ಮುನ್ನ ಸಮೀಕ್ಷೆ ಆಗಬೇಕು. ಹಕ್ಕಿ ಬಳಸುತ್ತಿರುವ ಗೂಡನ್ನು ಕೆಡಹುವುದು 1981ರ ಕಾಯ್ದೆಯಂತೆ ಅಪರಾಧ. ಆದ್ದರಿಂದ ಅಲ್ಲಿನ ಕಟ್ಟಡದವರು ಗೂಡಿನ ಕಾಲ ಬರುವ ಮೊದಲೇ, ಚಳಿಗಾಲದಲ್ಲೇ ಬೇಲಿ–ಪೊದೆ ಸವರಿ ಮುಗಿಸುತ್ತಾರೆ. 2024ರ ಫೆಬ್ರುವರಿಯಿಂದ ದೊಡ್ಡ ಯೋಜನೆಗಳು ಜಾಗದ ಜೀವವೈವಿಧ್ಯವನ್ನು ಮೊದಲಿದ್ದುದಕ್ಕಿಂತ ಶೇ. 10ರಷ್ಟು ಹೆಚ್ಚಿಸಿಯೇ ತೋರಿಸಬೇಕೆಂಬ ನಿಯಮವೂ ಬಂದಿದೆ. ಆದರೆ ಅಲ್ಲಿನದನ್ನು ಹಾಗೆಯೇ ಎತ್ತಿ ತರಬೇಕೆಂದು ಹೇಳುತ್ತಿಲ್ಲ. ಬಕಿಂಗ್‌ಹ್ಯಾಮ್‌ಶೈರ್‌ನ ಕಾಡೊಂದರ ಬದಿಯಲ್ಲಿ ಹೊಸ ಅತಿವೇ‍ಗದ ರೈಲಿಗೆ ಬಾವಲಿಗಳು ಸಿಗದಿರಲೆಂದು ಸುಮಾರು ಒಂದು ಕಿಲೋಮೀಟರ್ ಉದ್ದದ ಚಪ್ಪರ ಕಟ್ಟಲು 10 ಕೋಟಿ ಪೌಂಡಿಗೂ ಮಿಕ್ಕಿ ತಗಲುತ್ತದೆಂದು 2024ರಲ್ಲಿ ಗೊತ್ತಾದಾಗ ಅಲ್ಲಿಯೇ ದೊಡ್ಡ ಗಲಾಟೆಯಾಯಿತು. ಅದರಿಂದ ಕಲಿಯಬೇಕಾದ ಪಾಠವಿದೆ. ದಾರಿಯನ್ನು ಗೆರೆ ಎಳೆದು ಮುಗಿಸಿದ ಮೇಲೆ ಪ್ರಾಣಿಯನ್ನು ನೆನೆದರೆ ಕೋಟಿ ಬೇಕು, ಗೆರೆ ಎಳೆಯುವ ಮೊದಲು ನೆನೆದರೆ ಪೆನ್ಸಿಲ್ ಸಾಕು.

ನಮ್ಮಲ್ಲಿ ಈ ಮೊದಲ ಪ್ರಶ್ನೆಯನ್ನು ಕೇಳಬಲ್ಲವರು ಯಾರು? ಅರಣ್ಯ ಇಲಾಖೆಗೆ ಪ್ರತಿ ಸೈಟಿಗೂ ಓಡುವಷ್ಟು ಕೈಗಳಿಲ್ಲ. ಆದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತ್, ಪಟ್ಟಣ ಪಂಚಾಯತ್, ಪುರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡ, ಪ್ರಾಣಿ, ಕೆರೆ, ಬನಗಳ ವಿವರವಿರುವ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಊರಿನವರ ತಿಳಿವನ್ನು ಊರಿನವರೇ ಬರೆದಿಡಬೇಕೆಂಬ ಈ ಕಲ್ಪನೆಯ ಹಿಂದೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ದುಡಿಮೆಯಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ವಿಧಿಸಿದ ಮೇಲೆ ದೇಶದೆಲ್ಲೆಡೆ ಇಂಥ ದಾಖಲಾತಿಗಳ ಕೆಲಸ ಚುರುಕಾಯಿತು. ಅವಸರದಲ್ಲಿ ಆದದ್ದಕ್ಕೆ ಅವಸರದ ಗುಣವೇ ಇರುತ್ತದೆ. ಒಂದೇ ಪಂಚಾಯತ್ ಕಚೇರಿಯಲ್ಲಿ ಒಂದು ಕಡೆ ಊರಿನ ಜೀವಿಗಳ ಪಟ್ಟಿ, ಇನ್ನೊಂದು ಕಡೆ ಮನೆ ಕಟ್ಟುವವರ ಅರ್ಜಿಗಳ ಕಟ್ಟು. ಈ ಎರಡು ಕಡತಗಳು ಒಂದನ್ನೊಂದು ನೋಡುವಂತೆ ಮಾಡುವುದೇ ಸುಧಾರಣೆ. ಅರ್ಜಿಯಲ್ಲಿ ಒಂದು ಅಂಕಣ ಸಾಕು: ಜಾಗದಲ್ಲಿ ಬನ, ಹುತ್ತ, ಪೊಟರೆಯಿರುವ ಮರ, ಮಳೆನೀರು ನಿಲ್ಲುವ ಕುಳಿ, ತೋಡು ಇವೆಯೇ, ಪೊದೆ ತೆಗೆಯುವುದು ಯಾವ ತಿಂಗಳು? ಐದು ಸೆಂಟ್ಸ್ ಜಾಗದವರಿಗೆ ಇದಕ್ಕಿಂತ ಹೆಚ್ಚಿನದು ಬೇಡ. ಅರ್ಧ ಎಕರೆಗೆ ಮೀರಿದರೆ ಸಮಿತಿಯ ಇಬ್ಬರು ಒಂದು ಬೆಳಗ್ಗೆ ನಡೆದು ನೋಡಿ ನಾಲ್ಕು ಸಾಲು ಬರೆಯಲಿ. ಬಡಾವಣೆ, ಕೋರೆ, ಕಾಲೇಜು ಕಟ್ಟಡಗಳಂಥ ಕೆಲಸಕ್ಕೆ ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ಕಂಡ ತಿಳಿದವರ ವರದಿ ಇರಲಿ.

ಇದಕ್ಕೆ ಏಳುವ ಮೊದಲ ಆಕ್ಷೇಪ ಬಡವರದ್ದು, ಅದು ನ್ಯಾಯವಾದದ್ದೂ ಹೌದು. ನೈನ್ ಇಲೆವೆನ್‌ಗೆ ಅಲೆದಲೆದು ಚಪ್ಪಲಿ ಸವೆದವರ ಮುಂದೆ ಇನ್ನೊಂದು ಕಾಗದ ಎಂದರೆ ಇನ್ನೊಂದು ಕಿಟಕಿ, ಇನ್ನೊಂದು ಕೈಬೆಚ್ಚಗೆ ಎಂದೇ ಅರ್ಥ. ಆದ್ದರಿಂದಲೇ ಇದು ಪ್ರತ್ಯೇಕ ನಿರಾಕ್ಷೇಪಣಾ ಪತ್ರವಾಗಬಾರದು. ಇರುವ ಅರ್ಜಿಯ ಒಂದು ಅಂಕಣವಾಗಬೇಕು, ಸಮಿತಿ 15 ದಿನದೊಳಗೆ ಮಾತಾಡದಿದ್ದರೆ ಒಪ್ಪಿದಂತೆ ಎಂದಾಗಬೇಕು. ಇಲ್ಲ ಎನ್ನುವ ಅಧಿಕಾರ ಯಾರಿಗೂ ಬೇಡ, ಯಾವಾಗ ಮತ್ತು ಹೇಗೆ ಎಂದು ಹೇಳುವ ಅಧಿಕಾರ ಸಾಕು. ಲಂಚ ಹುಟ್ಟುವುದು ತಡೆಹಿಡಿಯಬಲ್ಲ ಸಹಿಯಲ್ಲಿ. ತಡೆಯಲಾಗದ ಸಲಹೆಗೆ ಬೆಲೆ ಕಟ್ಟುವವರಿಲ್ಲ. ಎರಡನೆಯ ಆಕ್ಷೇಪ ಮೇಸ್ತ್ರಿಗಳದ್ದು: ಇಲ್ಲಿ ಮಳೆ ಅರ್ಧ ವರ್ಷ, ಉಳಿದ ಅರ್ಧದಲ್ಲೇ ಕೆಲಸವಾಗಬೇಕು, ಅದರಲ್ಲೂ ತಿಂಗಳು ಕತ್ತರಿಸಿದರೆ ಗತಿಯೇನು? ಯಾವ ತಿಂಗಳನ್ನೂ ಕತ್ತರಿಸಬೇಕಾಗಿಲ್ಲ. ಪೊದೆ–ಮರ ತೆಗೆಯುವುದು, ಗುಡ್ಡೆ ಸಮತಟ್ಟು ಮಾಡುವುದು ಮಾತ್ರ ದೀಪಾವಳಿಯ ಬೆನ್ನಿಗೇ ಮುಗಿಯಲಿ. ಬೋಳಾದ ಜಾಗದಲ್ಲಿ ಗೂಡು ಕಟ್ಟುವ ಜೀವಿಗಳು ಕಡಿಮೆ, ಗಾರೆ ಕೆಲಸ ಮೇ ಕೊನೆಯ ತನಕ ನಡೆದರೂ ಹೆಚ್ಚಿನ ತೊಂದರೆಯಿಲ್ಲ. ಪತ್ತನಾಜೆಗೆ ಯಕ್ಷಗಾನದ ಗೆಜ್ಜೆ ಬಿಚ್ಚಿ ದೀಪಾವಳಿಯ ಬಳಿಕ ಮತ್ತೆ ಕಟ್ಟುವ ಊರಿಗೆ, ಆಟಿಯಲ್ಲಿ ಶುಭಕಾರ್ಯವಿಲ್ಲ ಎನ್ನುವ ಊರಿಗೆ, ಕೆಲಸಕ್ಕೊಂದು ಕಾಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಆಕ್ಷೇಪ ಬಾಯಿಬಿಟ್ಟು ಹೇಳದ ಭಯ. ಹುತ್ತವಿದೆ, ನವಿಲು ಬರುತ್ತದೆ ಎಂದು ಬರೆದುಕೊಟ್ಟರೆ ನಾಳೆ ಜಾಗವೇ ಹೋಗುತ್ತದೆಯೇ? ಘಟ್ಟದ ಬುಡದ ಹಳ್ಳಿಗಳಲ್ಲಿ ‘ಕಸ್ತೂರಿರಂಗನ್’ ಎಂಬ ಹೆಸರೇ ಈ ಭಯಕ್ಕೆ ಪರ್ಯಾಯಪದವಾಗಿದೆ. ಆ ವರದಿಯ ಆಧಾರದಲ್ಲಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸುವ ಕರಡನ್ನು 2024ರ ಜುಲೈ 31ರಂದು ಕೇಂದ್ರ ಆರನೆಯ ಬಾರಿ ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಆ ಕರಡು ಕೂಡ ನಿಷೇಧಿಸುವುದು 20,000 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳನ್ನು, ವಾಸದ ಮನೆಯನ್ನಲ್ಲ. ಆದರೂ ಭಯ ಹೋಗಲಿಲ್ಲ; ದೂರದಲ್ಲಿ ಕುಳಿತವರು ನಕ್ಷೆ ನೋಡಿ ಗೆರೆ ಎಳೆದರೆ ಹೋಗುವುದೂ ಇಲ್ಲ. ಊರಿನ ಸಮಿತಿ ಊರಿನ ಜಾಗವನ್ನು ನಡೆದು ನೋಡುವುದು ಅದಕ್ಕೆ ತೀರಾ ಬೇರೆ. ಗೂಡು ಸಿಕ್ಕಿತೆಂದು ಪಟ್ಟಾ ಜಾಗ ಅರಣ್ಯವಾಗುವುದಿಲ್ಲ. ಕಾಳಿಂಗದ ಮೊಟ್ಟೆ ಒಡೆಯುವ ತನಕ ಜಾಗದ ಒಂದು ಮೂಲೆ ಕಾಯಬೇಕಾಗಬಹುದು, ಅಷ್ಟೆ. ಮನೆಯ ಪಕ್ಕದಲ್ಲೇ ಇದ್ದು ಅಪಾಯವೆನಿಸಿದರೆ ಅರಣ್ಯ ಇಲಾಖೆಯನ್ನು ಕರೆಯುವುದೇ ದಾರಿ. ಮೊಟ್ಟೆಯನ್ನು ನಾವೇ ಎತ್ತಿ ಸಾಗಿಸುವುದೂ ಅಪರಾಧ. ಮೊದಲೇ ತಿಳಿಸಿದವರಿಗೆ ಕಿರುಕುಳವಿಲ್ಲ, ತಿಳಿದೂ ಮುಚ್ಚಿಟ್ಟವರಿಗೆ ಮಾತ್ರ ಕಾಯ್ದೆ ಎಂಬ ಭರವಸೆ ಇಲಾಖೆಯ ಕಡೆಯಿಂದ ಬರಹದಲ್ಲೇ ಬರಬೇಕು. ಅದಿಲ್ಲದಿದ್ದರೆ ಆ ಅಂಕಣದಲ್ಲಿ ಎಲ್ಲರೂ ‘ಇಲ್ಲ’ ಎಂದೇ ಬರೆಯುತ್ತಾರೆ.

ನಾಲ್ಕನೆಯದು ಕೃಷಿಕರ ಸಿಟ್ಟು. ಮಂಗ, ನವಿಲು, ಕಾಡುಹಂದಿ ಸೇರಿ ತೋಟ–ಗದ್ದೆ ಹಾಳುಮಾಡುತ್ತಿರುವಾಗ ಅವನ್ನೇ ಕಾಯಿರಿ ಎಂದರೆ ಗಾಯಕ್ಕೆ ಉಪ್ಪು ಸವರಿದಂತೆ. ಬೆಳೆನಷ್ಟಕ್ಕೆ ಸಕಾಲದಲ್ಲಿ ಪರಿಹಾರ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಡ್ಡೆಯ ಪೊದೆ ಒಂದೇ ದಿನದಲ್ಲಿ ಇಲ್ಲವಾದರೆ ಅಲ್ಲಿದ್ದವು ಆವಿಯಾಗುವುದಿಲ್ಲ. ಪಕ್ಕದ ತೋಟಕ್ಕೇ ಇಳಿಯುತ್ತವೆ. ಹಿಂದೆ ಜಾಗಗಳ ನಡುವೆ ಅಗಳು ಇತ್ತು, ಗಿಡಗಳ ಬೇಲಿ ಇತ್ತು, ಮನುಷ್ಯರು ದಾಟಲು ತಡಮೆ ಇತ್ತು. ಸಣ್ಣ ಪ್ರಾಣಿ ನುಸುಳಿ ತನ್ನ ದಾರಿ ಹಿಡಿಯುತ್ತಿತ್ತು. ಈಗ ಎದೆಯೆತ್ತರದ ಕೆಂಪುಕಲ್ಲಿನ ಪಾಗಾರದಿಂದ ಪಾಗಾರಕ್ಕೆ ಊರೇ ಮುಚ್ಚಿಕೊಂಡಿದೆ. ಪಾಗಾರದ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಗೇಣಗಲದ ಕಿಂಡಿ ಬಿಟ್ಟರೆ ಮಳೆನೀರಿಗೂ ದಾರಿ, ಮುಂಗುಸಿಗೂ ದಾರಿ. ಇಲಿ–ಹೆಗ್ಗಣಗಳ ಲೆಕ್ಕ ನೋಡಿಕೊಳ್ಳುವವು ಈ ಮುಂಗುಸಿ, ಗೂಬೆ, ಕೇರೆಹಾವುಗಳೇ ಎಂಬುದು ತೆಂಗಿನ ಎಳೆಕಾಯಿ ಕಳೆದುಕೊಂಡ ಕೃಷಿಕರಿಗೆ ಹೊಸ ಸುದ್ದಿಯಲ್ಲ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ: ಹೆದ್ದಾರಿಯವರು ಗುಡ್ಡೆಗಳನ್ನೇ ಸೀಳಿ ಹೋಗುವಾಗ ಐದು ಸೆಂಟ್ಸಿನವರ ಪೊದೆಯ ಲೆಕ್ಕವೇಕೆ? ಸಾಣೂರಿನಿಂದ ಮೂಡುಬಿದಿರೆಯ ಮೂಲಕ ಬಿಕರ್ನಕಟ್ಟೆಗೆ ಬರುವ ಚತುಷ್ಪಥದ ಉದ್ದ ಸುಮಾರು 45 ಕಿಲೋಮೀಟರ್. 2013ರ ತಿದ್ದುಪಡಿಯಂತೆ ಹೆದ್ದಾರಿ ಅಗಲೀಕರಣಕ್ಕೆ ಪರಿಸರ ಅನುಮತಿಯ ಪ್ರಶ್ನೆ ಏಳುವುದು ಉದ್ದ 100 ಕಿಲೋಮೀಟರ್ ದಾಟಿದಾಗ, ಅದೂ ನಿಗದಿತ ಅಗಲಕ್ಕಿಂತ ಹೆಚ್ಚು ಭೂಮಿ ಬೇಕಾದಾಗ. ಇದು ಅನ್ಯಾಯವೇ. ಹೆದ್ದಾರಿ ಬಂದರೆ ಪ್ರಾಣಿ ಸಾಯಲೇಬೇಕೆಂದಿಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ: ಪೆಂಚ್ ಹುಲಿ ಸಂರಕ್ಷಿತ ಪ್ರದೇಶದ ಬಳಿ 44ನೇ ರಾಷ್ಟ್ರೀಯ ಹೆದ್ದಾರಿಯನ್ನು ಮೇಲೆತ್ತಿ ಕೆಳಗೆ ದಾರಿ ಬಿಟ್ಟರು, ಭಾರತೀಯ ವನ್ಯಜೀವಿ ಸಂಸ್ಥೆ ಇಟ್ಟ ಕ್ಯಾಮೆರಾಗಳಲ್ಲಿ ಹುಲಿ ಸೇರಿದಂತೆ 18 ಜಾತಿಯ ಪ್ರಾಣಿಗಳು ಆ ದಾರಿಯಲ್ಲಿ ನಡೆದದ್ದು ದಾಖಲಾಯಿತು. ಅಂಥ ದಾರಿಯನ್ನು ಚಾರ್ಮಾಡಿಯ ಬುಡದಲ್ಲೂ ಕೇಳುವ ಹಕ್ಕು ನಮಗಿದೆ. ಆದರೆ ಆನೆ ದಾಟುವುದು ಎಲ್ಲಿ, ಮಂಗಟ್ಟೆಯ ಪೊಟರೆ ಯಾವ ಮರದಲ್ಲಿ, ಮಳೆಗಾಲದಲ್ಲಿ ಕಪ್ಪೆ ಕೂಗುವ ಪದವು ಯಾವುದು ಎಂಬುದು ಬರಹದಲ್ಲಿಲ್ಲದಿದ್ದರೆ ಇಂಜಿನಿಯರ್ ಮುಂದೆ ಏನನ್ನು ಹಿಡಿದು ಕೇಳುವುದು? ಮನೆ ಕಟ್ಟುವವರು ತುಂಬಿದ ಆ ಸಣ್ಣ ಅಂಕಣಗಳು ಹತ್ತು ವರ್ಷ ಸೇರಿದರೆ ಊರಿನ ದಾಖಲಾತಿಗೆ ಜೀವ ಬರುತ್ತದೆ. ಹೆದ್ದಾರಿಯ ಸರ್ವೆ ಕಲ್ಲು ನೆಡಲು ಬಂದವರೆದುರು ಬಿಚ್ಚಿಡಲು ಅದಕ್ಕಿಂತ ಗಟ್ಟಿಯಾದ ಪುಸ್ತಕ ಪಂಚಾಯತ್‌ನಲ್ಲಿ ಬೇರೆ ಇರಲಾರದು. ಅದರ ಮೊದಲ ಪುಟವನ್ನು ಈ ದೀಪಾವಳಿಗೆ ಪೊದೆ ಸವರಿಸಲು ಆಳು ಗೊತ್ತುಮಾಡುವ ಯಾರಾದರೂ ಬರೆಯಬಹುದು.